ಮಡಚುವ ಲ್ಯಾಪ್‌ಟಾಪ್: ದರಪಟ್ಟಿ ಒಪ್ಪುವ ಮುನ್ನ ನೋಡಬೇಕಾದುದು

ಅರಿವು ಕೇಂದ್ರಕ್ಕೆ ಅಥವಾ ಶಾಲೆಗೆ ಲ್ಯಾಪ್‌ಟಾಪ್ ಕೊಡಿಸಬೇಕೆಂಬ ಬೇಡಿಕೆ ಗ್ರಾಮ ಪಂಚಾಯತಿಯ ಸಾಮಾನ್ಯ ಸಭೆಯ ಮುಂದೆ ಬಂದಾಗ, ಸಲ್ಲಿಕೆಯಾಗುವ ದರಪಟ್ಟಿಗಳಲ್ಲಿ ‘ಟೂ-ಇನ್-ಒನ್’ ಅಥವಾ ‘ಕನ್ವರ್ಟಿಬಲ್’ ಎಂಬ ಮಾದರಿಗಳೂ ಇರುವುದುಂಟು. ಪರದೆಯನ್ನು ಹಿಂದಕ್ಕೆ ಪೂರ್ತಿಯಾಗಿ ಮಡಚಿದರೆ ಟ್ಯಾಬ್, ಬಿಡಿಸಿದರೆ ಲ್ಯಾಪ್‌ಟಾಪ್. ಒಂದೇ ಖರ್ಚಿನಲ್ಲಿ ಎರಡು ಉಪಕರಣ ದೊರೆಯುತ್ತದೆಂಬ ಮಾತಿಗೆ ಸಭೆಯಲ್ಲಿ ಸುಲಭವಾಗಿ ಒಪ್ಪಿಗೆ ಸಿಗುತ್ತದೆ. ಮಕ್ಕಳ ಓದಿಗಾಗಿ ಸಾಲ ಮಾಡಿ ಇಂತಹದೇ ಯಂತ್ರವನ್ನು ಕೊಳ್ಳಹೊರಟ ಪೋಷಕರು ಸದಸ್ಯರ ಸಲಹೆ ಕೇಳುವುದೂ ಇದೆ. ಎರಡೂ ಸಂದರ್ಭಗಳಲ್ಲಿ ಒಮ್ಮೆ ತಪ್ಪಾದರೆ ಮರು ಖರೀದಿಗೆ ಹಣವಿರುವುದಿಲ್ಲವಾದ್ದರಿಂದ, ಮಾನ್ಯ ಸದಸ್ಯರ ಗಮನಕ್ಕೆ ಕೆಲವು ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

ಮಡಚುವ ಕೀಲು ಮತ್ತು ಸ್ಪರ್ಶಪರದೆ ಎರಡೂ ಹೆಚ್ಚುವರಿ ವೆಚ್ಚದ ಭಾಗಗಳು. ಕಡಿಮೆ ಬೆಲೆಯ ಯಂತ್ರದಲ್ಲಿ ಆ ವೆಚ್ಚವನ್ನು ತಯಾರಕರು ಬೇರೆಲ್ಲಾದರೂ ಉಳಿಸಲೇಬೇಕು. ಸಾಮಾನ್ಯವಾಗಿ ಉಳಿತಾಯವಾಗುವುದು ರ‍್ಯಾಮ್‌ನಲ್ಲಿ, ಕಡತಗಳನ್ನು ಇಡುವ ಸಂಗ್ರಹದಲ್ಲಿ ಮತ್ತು ಪರದೆಯ ಗುಣಮಟ್ಟದಲ್ಲಿ. ಆದುದರಿಂದ ಪರಿಶೀಲನೆಯನ್ನು ಒಳಗಿನಿಂದ ಆರಂಭಿಸಿ, ಮಡಚುವ ಅನುಕೂಲವನ್ನು ಕೊನೆಯಲ್ಲಿ ನೋಡುವುದು ಸೂಕ್ತ.

ಮೊದಲನೆಯದು ಸಂಗ್ರಹ. ಅಗ್ಗದ ಮಾದರಿಗಳಲ್ಲಿ 64 ಜಿಬಿಯ ‘ಇಎಂಎಂಸಿ’ ಎಂಬ ಬಿಲ್ಲೆಯನ್ನು ಮುಖ್ಯ ಫಲಕಕ್ಕೇ ಬೆಸೆದಿರುತ್ತಾರೆ. ವಿಂಡೋಸ್ ತಂತ್ರಾಂಶವೇ ಅದರಲ್ಲಿ ದೊಡ್ಡ ಪಾಲನ್ನು ಆಕ್ರಮಿಸುತ್ತದೆ. ಕಾಲಕಾಲಕ್ಕೆ ಬರುವ ಪರಿಷ್ಕರಣೆಗಳಿಗೆ ಮತ್ತಷ್ಟು ಖಾಲಿ ಜಾಗ ಬೇಕು. ಹತ್ತಾರು ಮಕ್ಕಳು ಬಳಸುವ ಯಂತ್ರದಲ್ಲಿ ಚಿತ್ರಗಳೂ ಪಾಠದ ವಿಡಿಯೋಗಳೂ ಸೇರುತ್ತಾ ಹೋದಂತೆ ಪರಿಷ್ಕರಣೆ ನಿಂತುಹೋಗುತ್ತದೆ, ಯಂತ್ರ ಮಂದವಾಗುತ್ತದೆ. ಬೆಸೆದ ಬಿಲ್ಲೆ ಕೆಟ್ಟರೆ ಅದನ್ನಷ್ಟೇ ಬದಲಿಸಲು ಬಾರದು. ಮುಖ್ಯ ಫಲಕವನ್ನೇ ಬದಲಿಸಬೇಕಾಗುತ್ತದೆ. ‘ಎಸ್‌ಎಸ್‌ಡಿ’ ಇರುವ ಯಂತ್ರ ಇದಕ್ಕಿಂತ ವೇಗವಾಗಿರುವುದಲ್ಲದೆ, ಅದನ್ನು ಬಹುತೇಕ ಮಾದರಿಗಳಲ್ಲಿ ಬಿಚ್ಚಿ ಬದಲಿಸಬಹುದು. ರ‍್ಯಾಮ್ ವಿಷಯವೂ ಹೀಗೆಯೇ. ವಿಂಡೋಸ್ 11ಕ್ಕೆ 4 ಜಿಬಿ ರ‍್ಯಾಮ್ ಮತ್ತು 64 ಜಿಬಿ ಸಂಗ್ರಹ ಎಂಬುದು ಕನಿಷ್ಠ ಮಿತಿ. ಕನಿಷ್ಠ ಮಿತಿಯೆಂದರೆ ಯಂತ್ರ ಚಾಲೂ ಆಗುತ್ತದೆ ಎಂದಷ್ಟೇ ಅರ್ಥ. ಒಂದು ಕಡೆ ಪಾಠದ ವಿಡಿಯೋ, ಇನ್ನೊಂದು ಕಡೆ ಬರೆಯುವ ಕಡತ ತೆರೆದರೆ ಮಗು ಕಾಯುತ್ತಾ ಕೂರಬೇಕಾಗುತ್ತದೆ. ವಿಂಡೋಸ್ ಯಂತ್ರವಾದರೆ 8 ಜಿಬಿ ರ‍್ಯಾಮ್ ಮತ್ತು 256 ಜಿಬಿ ಎಸ್‌ಎಸ್‌ಡಿಗಿಂತ ಕಡಿಮೆಗೆ ಒಪ್ಪದಿರುವುದು ಲೇಸು. ಅದಕ್ಕೆ ಹಣ ಸಾಲದಿದ್ದರೆ ಮಡಚುವ ಸೌಲಭ್ಯವನ್ನು ಬಿಡಬಹುದೇ ಹೊರತು ಇವುಗಳನ್ನಲ್ಲ.

ಸಂಸ್ಕಾರಕ, ಅಂದರೆ ಪ್ರೊಸೆಸರ್‌ನ ಹೆಸರನ್ನು ದರಪಟ್ಟಿಯಲ್ಲಿ ಪೂರ್ಣವಾಗಿ ಬರೆಸಿಕೊಳ್ಳಬೇಕು. ‘ಇಂಟೆಲ್ ಸೆಲೆರಾನ್’ ಎಂದಷ್ಟೇ ನಮೂದಿಸಿದ್ದರೆ ಏನೂ ತಿಳಿದಂತಾಗಲಿಲ್ಲ. 2016ರ ಎನ್3350 ಎಂಬ ಸೆಲೆರಾನ್‌ಗೆ ವಿಂಡೋಸ್ 11ರ ಅಧಿಕೃತ ಬೆಂಬಲವಿಲ್ಲ. 2019ರ ಎನ್4020ಕ್ಕೆ ಇದೆ, ಆದರೆ ಅದರಲ್ಲಿರುವುದು ಎರಡೇ ಕೋರ್. 2023ರಲ್ಲಿ ಬಂದ ಇಂಟೆಲ್ ಎನ್100ರಲ್ಲಿ ನಾಲ್ಕು ಕೋರ್‌ಗಳಿದ್ದು, ವಿದ್ಯುತ್ ಬಳಕೆ ಮಿತವಾಗಿಯೇ ಇದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ಹಳೆಯ ದಾಸ್ತಾನನ್ನು ರಿಯಾಯಿತಿಯ ಹೆಸರಿನಲ್ಲಿ ಸಾಗಹಾಕುವ ಪ್ರಯತ್ನಗಳ ಬಗ್ಗೆ ಎಚ್ಚರ ಅಗತ್ಯ.

ಕ್ರೋಮ್‌ಬುಕ್ ಎಂಬ ಇನ್ನೊಂದು ಬಗೆಯಿದೆ. ಇದು 4 ಜಿಬಿ ರ‍್ಯಾಮ್‌ನಲ್ಲೂ ತಕ್ಕಮಟ್ಟಿಗೆ ಚುರುಕಾಗಿ ನಡೆಯುತ್ತದೆ. ವೈರಸ್ ಕಾಟವೂ ಕಡಿಮೆ. ಆದರೆ ಇದರ ಕೆಲಸಗಳಲ್ಲಿ ಹೆಚ್ಚಿನವು ಅಂತರ್ಜಾಲವನ್ನು ನೆಚ್ಚಿಕೊಂಡಿವೆ. ಸಂಪರ್ಕ ಆಗಾಗ್ಗೆ ಕಡಿದುಹೋಗುವ ಊರಿಗೆ ಇದು ಹೊಂದುವುದಿಲ್ಲ. ಕ್ರೋಮ್‌ಬುಕ್‌ಗೆ ಪರಿಷ್ಕರಣೆ ನಿಲ್ಲುವ ದಿನಾಂಕವೊಂದು ಮೊದಲೇ ನಿಗದಿಯಾಗಿರುತ್ತದೆ. ಹೊಸ ಮಾದರಿಗಳಿಗೆ ಆ ಅವಧಿ 10 ವರ್ಷ. ಆದರೆ ಅದರ ಲೆಕ್ಕ ಆರಂಭವಾಗುವುದು ಆ ಮಾದರಿಯ ಮೂಲ ವ್ಯವಸ್ಥೆ ಮಾರುಕಟ್ಟೆಗೆ ಬಂದ ದಿನದಿಂದ, ನಾವು ಬಿಲ್ಲು ಪಾವತಿಸಿದ ದಿನದಿಂದಲ್ಲ. ಯಂತ್ರದ ಸೆಟ್ಟಿಂಗ್ಸ್‌ನಲ್ಲಿ ಈ ದಿನಾಂಕವನ್ನು ತೆರೆದು ನೋಡಬಹುದು.

ಇನ್ನು ಕನ್ನಡ. ನಮ್ಮ ಮಕ್ಕಳಿಗೆ ಮುಖ್ಯವಾದ ಈ ಅಂಶ ಯಾವ ದರಪಟ್ಟಿಯಲ್ಲಿಯೂ ಕಾಣಸಿಗುವುದಿಲ್ಲ. ವಿಂಡೋಸ್ ಮತ್ತು ಕ್ರೋಮ್‌ಬುಕ್ ಎರಡರಲ್ಲಿಯೂ ಯೂನಿಕೋಡ್ ಕನ್ನಡ ಬರೆಯುವ ಸೌಲಭ್ಯ ಅಡಕವಾಗಿದೆ. ಕನ್ನಡ ಗಣಕ ಪರಿಷತ್ತಿನ ‘ನುಡಿ’ ವಿಂಡೋಸ್‌ಗಾಗಿ ರೂಪಿಸಿದ ತಂತ್ರಾಂಶವಾದ್ದರಿಂದ, ನುಡಿಯನ್ನೇ ರೂಢಿಸಿಕೊಂಡ ಶಿಕ್ಷಕರಿರುವ ಶಾಲೆಗೆ ಕ್ರೋಮ್‌ಬುಕ್ ಕೊಡಿಸಿದರೆ ತೊಡಕಾಗುತ್ತದೆ. ‘ಎಸ್ ಮೋಡ್’ ಎಂಬ ಸ್ಥಿತಿಯಲ್ಲಿ ಬರುವ ವಿಂಡೋಸ್ ಯಂತ್ರಗಳೂ ಉಂಟು. ಅವುಗಳಲ್ಲಿ ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿರುವ ತಂತ್ರಾಂಶಗಳನ್ನು ಮಾತ್ರ ಹಾಕಿಕೊಳ್ಳಬಹುದು. ಆ ಸ್ಥಿತಿಯಿಂದ ಹೊರಬರಲು ಶುಲ್ಕವಿಲ್ಲ, ಆದರೆ ಹೊರಬಂದ ಮೇಲೆ ಹಿಂದಿರುಗಲಾಗದು.

ಸ್ಪರ್ಶಪರದೆಯ ನಿಜವಾದ ಉಪಯೋಗ ಕಾಣುವುದೂ ಕನ್ನಡದಲ್ಲಿಯೇ. ಲ್ಯಾಪ್‌ಟಾಪ್‌ನ ಕೀಲಿಮಣೆಯ ಮೇಲೆ ಮುದ್ರಿತವಾಗಿರುವುದು ಸಾಮಾನ್ಯವಾಗಿ ಇಂಗ್ಲಿಷ್ ಅಕ್ಷರಗಳು ಮಾತ್ರ. ಯಾವ ಕೀಲಿ ಒತ್ತಿದರೆ ‘ಕ’ ಬರುತ್ತದೆ, ಒತ್ತಕ್ಷರ ಮೂಡುವುದು ಹೇಗೆ ಎಂಬುದನ್ನು ಮಗು ಬಾಯಿಪಾಠ ಮಾಡಿರಬೇಕು. ಪರದೆಯ ಮೇಲೆಯೇ ಮೂಡುವ ಕೀಲಿಮಣೆಯಲ್ಲಾದರೆ ಕನ್ನಡದ ಅಕ್ಷರಗಳೇ ಕಾಣುತ್ತವೆ. ನಾಲ್ಕನೆಯ ತರಗತಿಯ ವಿದ್ಯಾರ್ಥಿಯೂ, ಗಣಕಯಂತ್ರವನ್ನು ಮುಟ್ಟದ ಸ್ವಸಹಾಯ ಸಂಘದ ಮಹಿಳೆಯೂ ಹೆದರದೆ ತಮ್ಮ ಹೆಸರನ್ನು ಬರೆಯಬಲ್ಲರು. ಮಡಚುವ ಯಂತ್ರಕ್ಕೆ ಹೆಚ್ಚು ಹಣ ಕೊಡುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಸಿಗಲಾರದು. ಆದರೆ 11.6 ಅಂಗುಲದ ಪರದೆಯಲ್ಲಿ ಆ ಕೀಲಿಮಣೆ ಅರ್ಧ ಜಾಗವನ್ನು ಮುಚ್ಚುತ್ತದೆ. ಪುಟಗಟ್ಟಲೆ ಬರೆಯುವ ಪಿಯುಸಿ ವಿದ್ಯಾರ್ಥಿಗೆ ಸ್ಪರ್ಶಪರದೆಯಿಲ್ಲದ 14 ಅಂಗುಲದ ಸಾಮಾನ್ಯ ಲ್ಯಾಪ್‌ಟಾಪ್ ಇದಕ್ಕಿಂತ ಉತ್ತಮ. ಹಾಗೆಂದು ಪೋಷಕರಿಗೆ ಸ್ಪಷ್ಟವಾಗಿ ತಿಳಿಸಬಹುದು.

ಲೇಖನಿಯಿಂದ ಬರೆಯಬಹುದೆಂದು ಹೇಳಿದರೆ ಎಂತಹ ಲೇಖನಿ ಎಂದು ಕೇಳಬೇಕು. ತುದಿಯಲ್ಲಿ ರಬ್ಬರ್ ಇರುವ ಸಾದಾ ಲೇಖನಿ ಬೆರಳಿನ ಕೆಲಸವನ್ನಷ್ಟೇ ಮಾಡುತ್ತದೆ. ಅಂಗೈ ಪರದೆಗೆ ತಗುಲಿದರೂ ಗೀಟು ಬೀಳದಂತೆ ಲೆಕ್ಕ ಬಿಡಿಸಲು ‘ಆ್ಯಕ್ಟಿವ್ ಪೆನ್’ ಮತ್ತು ಅದನ್ನು ಗುರುತಿಸಬಲ್ಲ ಪರದೆ ಎರಡೂ ಬೇಕು. ಅಗ್ಗದ ಮಾದರಿಗಳಲ್ಲಿ ಇವೆರಡೂ ಇರುವುದು ಅಪರೂಪ.

ಮಾದರಿ ಯಂತ್ರವೊಂದನ್ನು ತರಿಸಿ, ಅರಿವು ಕೇಂದ್ರದ ಮೇಲ್ವಿಚಾರಕರು ಮತ್ತು ಒಬ್ಬ ಶಿಕ್ಷಕರು ಕೆಲವು ದಿನ ಬಳಸಿ ನೋಡುವುದು ಒಳಿತು. ಪರದೆಯನ್ನು ಒಂದು ಮೂಲೆಯಿಂದ ಹಿಡಿದು ತೆರೆದಾಗ ಇನ್ನೊಂದು ಬದಿ ತಿರುಚಿಕೊಂಡರೆ ಕೀಲು ದುರ್ಬಲವೆಂದು ತಿಳಿಯಬೇಕು. ಮಕ್ಕಳು ತೆರೆಯುವುದು ಹಾಗೆಯೇ. ಹಿಂದಕ್ಕೆ ಮಡಚಿದಾಗ ಕೀಲಿಮಣೆ ತಾನಾಗಿ ನಿಷ್ಕ್ರಿಯವಾಗಬೇಕು. ಪರದೆಯನ್ನು ಜಗಲಿಯ ಬೆಳಕಿನಲ್ಲಿ, ಪಕ್ಕದಲ್ಲಿ ಕುಳಿತ ಮಗುವಿನ ಕಣ್ಣಿನ ಮಟ್ಟದಿಂದಲೂ ನೋಡಬೇಕು. ‘ಐಪಿಎಸ್’ ಪರದೆಯಾದರೆ ಬದಿಯಿಂದಲೂ ಅಕ್ಷರ ಸ್ಪಷ್ಟವಾಗಿರುತ್ತದೆ. ‘ಟಿಎನ್’ ಪರದೆಯಲ್ಲಿ ಬಣ್ಣ ಮಾಸಿದಂತಾಗುತ್ತದೆ. ಟ್ಯಾಬ್‌ನಂತೆ ಕೈಯಲ್ಲಿ ಹಿಡಿಯುವ ಮಾತೂ ಸ್ವಲ್ಪ ಉತ್ಪ್ರೇಕ್ಷೆಯೇ: ಒಂದೂಕಾಲು ಕಿಲೋ ತೂಕವನ್ನು ಹತ್ತು ವರ್ಷದ ಮಗು ಬಹಳ ಹೊತ್ತು ಹಿಡಿಯಲಾರದು, ಮೇಜಿನ ಮೇಲೆ ಡೇರೆಯಂತೆ ನಿಲ್ಲಿಸಿ ನೋಡುವುದೇ ರೂಢಿಯಾಗುತ್ತದೆ.

ಬ್ಯಾಟರಿಯ ಬಗ್ಗೆ ‘12 ಗಂಟೆ’ ಎಂಬ ಜಾಹೀರಾತಿಗಿಂತ ಅದರ ವಾಟ್-ಅವರ್ ಅಂಕಿ ನಂಬಿಕೆಗೆ ಅರ್ಹ. 38 ವಾಟ್-ಅವರ್ ಬ್ಯಾಟರಿಯಿರುವ ಯಂತ್ರ ಸರಾಸರಿ 8 ವಾಟ್ ಬಳಸಿದರೆ ಸುಮಾರು ನಾಲ್ಕೂಮುಕ್ಕಾಲು ಗಂಟೆ ನಡೆಯುತ್ತದೆ. ಹಗಲು ವಿದ್ಯುತ್ ಕಡಿತವಾಗುವ ಊರಿನಲ್ಲಿ ಯುಪಿಎಸ್ ಬೇಡುವ ಮೇಜಿನ ಗಣಕಯಂತ್ರಕ್ಕಿಂತ ಇದು ಅನುಕೂಲ. ಯುಎಸ್‌ಬಿ-ಸಿ ಚಾರ್ಜರ್‌ನ ಮಾದರಿಯಾದರೆ, ಚಾರ್ಜರ್ ಕಳೆದಾಗ ಅಷ್ಟೇ ಸಾಮರ್ಥ್ಯದ ಬದಲಿಯನ್ನು ತಾಲ್ಲೂಕು ಕೇಂದ್ರದಲ್ಲಿಯೇ ಪಡೆಯಬಹುದು.

ಖರೀದಿಯು ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ಕ್ಕೆ ಅನುಗುಣವಾಗಿರಬೇಕೆಂಬುದು ಸದಸ್ಯರಿಗೆ ತಿಳಿದ ವಿಷಯ. ಬೇಡಿಕೆಯಲ್ಲಿ ಸಂಸ್ಥೆಯ ಹೆಸರಿನ ಬದಲು ಮೇಲಿನ ತಾಂತ್ರಿಕ ವಿವರಗಳನ್ನು ನಮೂದಿಸಬೇಕು. ಉಚಿತ ಚೀಲದ ಬಗ್ಗೆ ದರಪಟ್ಟಿಗಳಲ್ಲಿ ದಪ್ಪಕ್ಷರದ ಸಾಲಿರುತ್ತದೆ; ದುರಸ್ತಿಗೆ ಯಾರು ಬರುತ್ತಾರೆಂಬ ಬಗ್ಗೆ ಏನೂ ಇರುವುದಿಲ್ಲ. ಮೂರು ವರ್ಷಗಳ, ಸ್ಥಳಕ್ಕೇ ಬಂದು ಸರಿಪಡಿಸುವ ವಾರಂಟಿಯನ್ನು ಲಿಖಿತವಾಗಿ ಕೇಳಬೇಕು. ಅದರಲ್ಲಿ ಕೀಲು ಸೇರಿದೆಯೇ, ಒಡೆದ ಪರದೆಗೆ ತಗಲುವ ದರವೆಷ್ಟು ಎಂಬುದನ್ನೂ ಬರೆಸಿಕೊಳ್ಳಬೇಕು. ಸ್ಪರ್ಶಪರದೆಯಲ್ಲಿ ಗಾಜು ಮತ್ತು ಪರದೆ ಅಂಟಿಕೊಂಡೇ ಇರುವುದರಿಂದ ಒಂದು ಒಡೆದರೆ ಸಾಮಾನ್ಯವಾಗಿ ಎರಡನ್ನೂ ಬದಲಿಸಬೇಕಾಗುತ್ತದೆ.

ಯಂತ್ರ ಬಂದ ದಿನವೇ ಅದರ ಕ್ರಮಸಂಖ್ಯೆ ಮತ್ತು ವಾರಂಟಿ ಮುಗಿಯುವ ದಿನಾಂಕವನ್ನು ದಾಸ್ತಾನು ವಹಿಯಲ್ಲಿ ದಾಖಲಿಸತಕ್ಕದ್ದು. ಬೀರುವಿನ ಕೀಲಿಕೈ ಯಾರ ಬಳಿ ಇರಬೇಕು, ಮಕ್ಕಳಿಗೆ ಯಾವ ವೇಳೆಯಲ್ಲಿ ಕೊಡಬೇಕು ಎಂಬುದನ್ನೂ ಅದೇ ಸಭೆಯಲ್ಲಿ ತೀರ್ಮಾನಿಸಿ ನಡಾವಳಿಯಲ್ಲಿ ಸೇರಿಸಬೇಕೆಂದು ಕೋರಲಾಗಿದೆ.