ಬಿಸ್ಕತ್ತಿನಿಂದ ಹೆಸರು ಕಳೆದುಕೊಂಡ ಕಾರು

‘ಮಾರಾಟಕ್ಕಿದೆ: 1967ರ ಆಲ್ಫಾ ರೋಮಿಯೋ ಸ್ಪೈಡರ್, ಕೆಂಪು ಬಣ್ಣ, ಮಡಚುವ ಟಾಪು, ಚೆನ್ನಾಗಿ ಕಾಪಾಡಿದ್ದು.’

ಇಂಥ ಜಾಹೀರಾತು ಇಟಲಿ, ಜರ್ಮನಿ, ಇಂಗ್ಲೆಂಡುಗಳ ಹಳೇ ಕಾರಿನ ಪೇಟೆಯಲ್ಲಿ ಆಗಾಗ ಕಾಣಿಸುತ್ತದೆ. ಬೆಲೆ ಹತ್ತಾರು ಸಾವಿರ ಯೂರೋ, ಅಂದರೆ ನಮ್ಮ ಲೆಕ್ಕದಲ್ಲಿ ಹಲವು ಲಕ್ಷ ರೂಪಾಯಿ. ಕೂರುವುದು ಇಬ್ಬರೇ. ಮನೆ ಮಂದಿಯೆಲ್ಲ ಧರ್ಮಸ್ಥಳಕ್ಕೆ ಹೊರಡುವ ಗಾಡಿ ಇದಲ್ಲ. ಅರವತ್ತರ ಹತ್ತಿರ ಬಂದ ಇಂಥ ಕಾರಿಗೆ ಅಷ್ಟು ದುಡ್ಡು ಏಕೆ? ಬ್ಯಾಂಕಿನಲ್ಲಿ ಲೆಡ್ಜರ್ ಬರೆದೇ ಆಯುಷ್ಯ ಕಳೆದ ನನ್ನಂಥವನಿಗೆ ಮೊದಲು ಏಳುವ ಪ್ರಶ್ನೆ ಇದು.

ಈ ಕಾರು ಲೋಕಕ್ಕೆ ಮುಖ ತೋರಿಸಿದ್ದು 1966ರ ಮಾರ್ಚ್‌ನಲ್ಲಿ, ಸ್ವಿಟ್ಜರ್ಲೆಂಡಿನ ಜಿನೀವಾ ಮೋಟಾರು ಪ್ರದರ್ಶನದಲ್ಲಿ. ರೂಪ ಕೊಟ್ಟದ್ದು ಟ್ಯೂರಿನ್ ಪಟ್ಟಣದ ಪಿನಿನ್‌ಫರೀನಾ ಸಂಸ್ಥೆ. ಅದರ ಯಜಮಾನರ ಹುಟ್ಟುಹೆಸರು ಬತಿಸ್ತಾ ಫರೀನಾ. ಮನೆಯಲ್ಲಿ ‘ಪಿನಿನ್’ ಎಂದು ಕರೆಯುತ್ತಿದ್ದರು. ಅವರ ಸೀಮೆಯ ಮಾತಿನಲ್ಲಿ ‘ಪುಟ್ಟ’ ಎಂದರ್ಥ. ನಮ್ಮಲ್ಲಿ ಅರವತ್ತು ದಾಟಿದರೂ ‘ಪುಟ್ಟಣ್ಣ’ನಾಗಿಯೇ ಉಳಿಯುವವರಿಲ್ಲವೇ, ಹಾಗೆ. ಕೊನೆಗೆ 1961ರಲ್ಲಿ ಸರ್ಕಾರದ ಅಪ್ಪಣೆಯಿಂದ ಆ ಮುದ್ದಿನ ಹೆಸರೇ ಮನೆತನದ ಹೆಸರಿನೊಳಗೆ ಸೇರಿತು. ಸ್ಪೈಡರ್ ಪ್ರದರ್ಶನಕ್ಕೆ ಬಂದ ಕೆಲವೇ ವಾರಗಳಲ್ಲಿ, ಏಪ್ರಿಲ್ 3ರಂದು, ಅವರು ತೀರಿಕೊಂಡರು. ಅವರ ಕಣ್ಣಳತೆಯಲ್ಲಿ ರೂಪುಗೊಂಡ ಕೊನೆಯ ಕಾರುಗಳಲ್ಲಿ ಇದೂ ಒಂದು. (ಆ ಸಂಸ್ಥೆಯನ್ನು ಕೊಳ್ಳುವ ಒಪ್ಪಂದಕ್ಕೆ 2015ರಲ್ಲಿ ಸಹಿ ಹಾಕಿದ್ದು ನಮ್ಮ ಮಹೀಂದ್ರ ಸಮೂಹ.)

ಮಕ್ಕಳೇ, ಈಗ ಹೆಸರಿನ ಕತೆ ಕೇಳಿ. ಕಾರಿಗೆ ಒಳ್ಳೆಯ ಹೆಸರು ಸೂಚಿಸಿ ಎಂದು ಕಂಪನಿ ಸ್ಪರ್ಧೆ ಏರ್ಪಡಿಸಿತು. ಲಕ್ಷಕ್ಕೂ ಹೆಚ್ಚು ಜನ ಬರೆದು ಕಳಿಸಿದರು. ಗೆದ್ದ ಹೆಸರು ‘ಡ್ಯುಯೆಟ್ಟೋ’, ಅಂದರೆ ಇಬ್ಬರು ಸೇರಿ ಹಾಡುವ ಯುಗಳಗೀತೆ. ಎರಡೇ ಸೀಟಿನ ಗಾಡಿಗೆ ಇದಕ್ಕಿಂತ ಚೆಂದದ ಹೆಸರು ಬೇಕೇ? ಸೂಚಿಸಿದವರಿಗೆ ಒಂದು ಕಾರೇ ಬಹುಮಾನವಾಗಿ ಸಿಕ್ಕಿತು. ಆದರೆ ಆ ಹೆಸರಿನ ಚಾಕೊಲೇಟ್ ಬಿಸ್ಕತ್ತೊಂದು ಆಗಲೇ ಅಂಗಡಿಯಲ್ಲಿತ್ತು! ಕಾರಿನ ಕಂಪನಿ ಹಿಂದೆ ಸರಿಯಬೇಕಾಯಿತು. ಕಾಗದದಲ್ಲಿ ‘ಸ್ಪೈಡರ್ 1600’ ಎಂದು ಬರೆದರು. ಜನ ಮಾತ್ರ ಇಂದಿಗೂ ಡ್ಯುಯೆಟ್ಟೋ ಎಂದೇ ಕರೆಯುತ್ತಾರೆ.

ಸ್ಪೈಡರ್ ಎಂದಾಗ ಜೇಡರಹುಳು ನೆನಪಾಗುತ್ತದೆ. ಇಟಲಿಯವರಿಗೆ ಅದು ಚಾವಣಿ ತೆರೆಯುವ ಎರಡು ಸೀಟಿನ ಕಾರಿನ ಹೆಸರು; ಕುದುರೆಗಾಡಿಗಳ ಕಾಲದಿಂದ ಬಂದದ್ದು. ಅವರು ಈ ಕಾರಿಗೆ ಇಟ್ಟ ಅಡ್ಡಹೆಸರು ಇನ್ನೂ ತಮಾಷೆಯದು: ‘ಓಸ್ಸೋ ದಿ ಸೇಪ್ಪಿಯಾ’. ಪಂಜರದ ಗಿಳಿಗಳಿಗೆ ಕುಕ್ಕಲೆಂದು ತೂಗುಹಾಕುವ ಬಿಳಿ ಸಮುದ್ರನೊರೆ ನೋಡಿದ್ದೀರಲ್ಲ? ಅದು ನೊರೆಯಲ್ಲ, ಬೊಂಡಾಸದ ಬಳಗಕ್ಕೆ ಸೇರಿದ ಕಡಲಜೀವಿಯ ಒಳಮೂಳೆ. ಹಿಂದೆಯೂ ಮುಂದೆಯೂ ದುಂಡಾದ ಕಾರಿನ ಆಕಾರ ಅದನ್ನೇ ಹೋಲುತ್ತದೆ. ಮುಂಭಾಗದ ಲಾಂಛನ ನೋಡಿದರಂತೂ ಮಕ್ಕಳು ಬಿಡುವುದಿಲ್ಲ. ಒಂದು ಕಡೆ ಮಿಲಾನ್ ನಗರದ ಕೆಂಪು ಶಿಲುಬೆ, ಇನ್ನೊಂದು ಕಡೆ ಮನುಷ್ಯನನ್ನು ಬಾಯಲ್ಲಿ ಕಚ್ಚಿಕೊಂಡ ಹಾವು.

ಅಜ್ಜಂದಿರೇ, ನಿಮಗೊಂದು ಹೋಲಿಕೆ. ನಾವೆಲ್ಲ ಕೂತ ಪದ್ಮಿನಿ ಕೂಡ ಇಟಲಿಯ ಫಿಯೆಟ್ 1100ರ ಮಗಳೇ, ಬೆಳೆದದ್ದು ಮುಂಬೈಯಲ್ಲಿ. ಅದರ ಎಂಜಿನ್ 1089 ಸಿಸಿ, ಶಕ್ತಿ ನಲವತ್ತು ಕುದುರೆಗಳ ಆಸುಪಾಸು. ಸ್ಪೈಡರ್‌ನದು 1570 ಸಿಸಿ, 109 ಕುದುರೆ. ಐದು ಗೇರು, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕು.

1967ರಲ್ಲಿ ‘ದ ಗ್ರಾಜುಯೇಟ್’ ಎಂಬ ಅಮೆರಿಕದ ಸಿನಿಮಾದಲ್ಲಿ ನಾಯಕ ಡಸ್ಟಿನ್ ಹಾಫ್‌ಮನ್ ಕೆಂಪು ಸ್ಪೈಡರ್ ಓಡಿಸಿದ. ಅತಿ ಮುಖ್ಯ ಗಳಿಗೆಯಲ್ಲಿ ಪೆಟ್ರೋಲ್ ಮುಗಿದು ಕಾರು ನಿಂತೇಬಿಡುತ್ತದೆ! ಆದರೂ ಕಾರು ಮನೆಮಾತಾಯಿತು. 1993ರವರೆಗೆ ಎಲ್ಲ ಬಗೆಯವೂ ಸೇರಿ ಸುಮಾರು 1,24,000 ಸ್ಪೈಡರ್‌ಗಳು ತಯಾರಾದವು. 1970ರ ಹೊತ್ತಿಗೆ ಬಾಲವನ್ನು ಕತ್ತರಿಸಿದಂತೆ ಮೊಟುಕು ಮಾಡಿದರು. ದುಂಡು ಬಾಲದ ಮೊದಲ 1600 ಆರು ಸಾವಿರಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಬೆಲೆಯ ಗುಟ್ಟು ಅರ್ಧ ಇಲ್ಲಿದೆ.

ಉಳಿದರ್ಧ ‘ಚೆನ್ನಾಗಿ ಕಾಪಾಡಿದ್ದು’ ಎಂಬ ಮಾತಿನಲ್ಲಿ. ಕಾಪಾಡಿದ್ದು ಬೇರೆ, ಹೊಸದಾಗಿ ಮಾಡಿಸಿದ್ದು ಬೇರೆ. ಬಣ್ಣವನ್ನು ಎಷ್ಟು ಸಲ ಬೇಕಾದರೂ ಹೊಡೆಸಬಹುದು. ಕಾರ್ಖಾನೆಯ ಮೊದಲ ಬಣ್ಣ ಹೋದರೆ ಹೋಯಿತು. ಹೀಗಾಗಿ ಮಂಕಾದ ಮೂಲ ಬಣ್ಣ, ಸವೆದ ಸೀಟು ಇರುವ ಗಾಡಿಗೆ, ಫಳಫಳ ಹೊಳೆಯುವ ಗಾಡಿಗಿಂತ ಹೆಚ್ಚು ಕೊಡುವವರಿದ್ದಾರೆ. ನನಗೆ ಅವರ ಲೆಕ್ಕವೇ ಸರಿ ಕಾಣುತ್ತದೆ.

ಬ್ಯಾಂಕಿನಲ್ಲಿ ಚಿನ್ನದ ಸಾಲಕ್ಕೆ ಒಡವೆ ತಂದರೆ ಅಕ್ಕಸಾಲಿಗರು ಒರೆಗಲ್ಲಿಗೆ ಉಜ್ಜುತ್ತಿದ್ದರು. ಇಲ್ಲಿ ಒರೆಗಲ್ಲು ಒಂದು ಪುಟ್ಟ ಅಯಸ್ಕಾಂತ. ಬಟ್ಟೆಯಲ್ಲಿ ಸುತ್ತಿ ಕಾರಿನ ಮೈಮೇಲೆ ಸರಿಸುತ್ತಾ ಹೋಗಬೇಕು. ಉಕ್ಕಿನ ತಗಡಿದ್ದಲ್ಲಿ ಅಂಟುತ್ತದೆ. ತುಕ್ಕಿನ ತೂತಿಗೆ ದಪ್ಪಗೆ ಪುಟ್ಟಿ ಮೆತ್ತಿದ್ದರೆ ಜಾರುತ್ತದೆ. ಮುಖ್ಯವಾಗಿ ಬಾಗಿಲ ಕೆಳಗಿನ ಪಟ್ಟಿ ನೋಡಬೇಕು. ತಲೆಯ ಮೇಲೆ ಗಟ್ಟಿ ಚಾವಣಿ ಇಲ್ಲದ ಕಾರಿಗೆ ಅದೇ ಬೆನ್ನೆಲುಬು. ಅದು ತುಕ್ಕು ಹಿಡಿದು ಸತ್ವ ಕಳೆದುಕೊಂಡರೆ ಕಾರಿನ ನಡು ಬಾಗುತ್ತದೆ, ಬಾಗಿಲು ಸಲೀಸಾಗಿ ಮುಚ್ಚುವುದಿಲ್ಲ. ಕಾಲಡಿಯ ಹಾಸು ಎತ್ತಿ ನೆಲದ ತಗಡನ್ನೂ ಕಾಣಬೇಕು. ಹಳೇ ಟಾಪಿನಿಂದ ಸೋರಿದ ಮಳೆನೀರು ಕೂರುವುದು ಅಲ್ಲೇ.

ಆಮೇಲೆ ಕಾಗದ ಪತ್ರ. ಚಾಸಿಸ್ ನಂಬರು, ಎಂಜಿನ್ ನಂಬರು ಬರೆದುಕೊಂಡು ಕಂಪನಿಯನ್ನೇ ಕೇಳಬಹುದು. ಯಾವ ದಿನ ತಯಾರಾಯಿತು, ಯಾವ ಬಣ್ಣದಲ್ಲಿ ಹೊರಬಿತ್ತು ಎಂದು ಹಳೇ ದಾಖಲೆ ನೋಡಿ ಪತ್ರ ಕೊಡುತ್ತಾರೆ. ಈಗ ಕೆಂಪಗಿರುವುದು ಹುಟ್ಟುವಾಗ ಬಿಳಿಯಾಗಿತ್ತು ಎಂದು ಬಯಲಾಗುವುದೂ ಉಂಟು. ಅಂದು ಆ ಲೆಡ್ಜರನ್ನು ಶ್ರದ್ಧೆಯಿಂದ ಬರೆದಿಟ್ಟ ಗುಮಾಸ್ತನಿಗೆ ನನ್ನದೊಂದು ನಮಸ್ಕಾರ.

ಕೊನೆಯದು ಓಡಿಸಿ ನೋಡುವುದು. ಈ ಕಾರಿನ ಎರಡನೇ ಗೇರು ಸ್ವಲ್ಪ ಮೆತ್ತಗೆ. ಸವೆದಿದ್ದರೆ ತಣ್ಣಗಿರುವಾಗ ಕರಕರ ಎನ್ನುತ್ತದೆ, ಬಿಸಿಯಾದ ಮೇಲೆ ಸುಮ್ಮನಾಗುತ್ತದೆ. ಇದನ್ನು ಬಲ್ಲ ಮಾರಾಟಗಾರರು ಗಿರಾಕಿ ಬರುವ ಮೊದಲೇ ಒಂದು ಸುತ್ತು ಹೊಡೆದು ತಂದು ನಿಲ್ಲಿಸಿರುತ್ತಾರೆ. ಅದಕ್ಕೇ ಜಾಣ ಗಿರಾಕಿ ನಮಸ್ಕಾರ ಹೇಳುವ ಮೊದಲೇ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನೋಡುತ್ತಾನೆ, ತಣ್ಣಗಿದೆಯೇ ಎಂದು.