ಗರಡಿಯ ವಸ್ತಾದ, ಫುಟ್ಬಾಲ್ ಮೇಷ್ಟ್ರು

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಕಡೆ ಆಟ ಕಲಿಸುವವರೆಂದರೆ ಮೊದಲು ನೆನಪಾಗುವವರು ಗರಡಿಮನೆಯ ವಸ್ತಾದರು. ಹುಡುಗ ಬಂದ ದಿನವೇ ಅವರು ಪಟ್ಟು ಹೇಳಿಕೊಡುವುದಿಲ್ಲ. ಕೆಂಪು ಮಣ್ಣು ಅಗೆಸಿ ಹದ ಮಾಡಿಸುತ್ತಾರೆ, ದಂಡ-ಬೈಠಕ್ ಹೊಡೆಸುತ್ತಾರೆ. ಅವರ ನಿಜವಾದ ವಿದ್ಯೆ ತಿಳಿಯುವುದು ಜಾತ್ರೆಯ ಕುಸ್ತಿಗೆ ಜೋಡಿ ಹಚ್ಚುವಾಗ. ಚಪ್ಪಾಳೆಯ ಆಸೆಗೆ ಎಳೆಯನನ್ನು ಬಲಿತವನ ಮುಂದೆ ಬಿಟ್ಟರೆ ಆತ ಕೈ ಮುರಿದುಕೊಂಡಾನು. ಇಲ್ಲವೇ ಮತ್ತೆ ಗರಡಿಯತ್ತ ಸುಳಿಯದೇ ಹೋದಾನು.

ಮಕ್ಕಳಿಗೆ ಫುಟ್ಬಾಲ್ ಕಲಿಸುವವರಿಗೂ ಬೇಕಾದದ್ದು ಈ ಎಚ್ಚರವೇ. ಆದರೆ ಮೈದಾನದ ಅಂಚಿನಲ್ಲಿ ನಿಂತು ಕೂಗುವ ಹಿರಿಯರಿಗೆ (ನಾವೂ ಅವರಲ್ಲಿದ್ದೇವೆ) ಟ್ರೋಫಿಯದೇ ಅವಸರ. 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಭಾರತ ತಂಡದ ತರಬೇತುದಾರ, ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್ ವೃತ್ತಿಯಿಂದ ಶಾಲಾ ಶಿಕ್ಷಕರಾಗಿದ್ದವರು. ಹುಡುಗರಿಗೆಂದು ಅವರು ಬೇರೆಯೇ ಬಗೆಯ ಪಂದ್ಯಗಳನ್ನು ನಡೆಸಿದರು. ಒಂದರಲ್ಲಿ ಬಳಕೆಯಿಲ್ಲದ ಕಾಲಿನಿಂದಲೇ ಚೆಂಡು ಒದೆಯಬೇಕು. ಇನ್ನೊಂದರಲ್ಲಿ ಚೆಂಡನ್ನು ತಾನೇ ಉರುಳಿಸಿಕೊಂಡು ಓಡುವಂತಿಲ್ಲ, ಜತೆಗಾರನಿಗೆ ದಾಟಿಸಬೇಕು. ಅಂಥ ಆಟದಲ್ಲಿ ಊರಿಗೇ ಹೆಸರಾದ ಹುಡುಗನೂ ತಡವರಿಸುತ್ತಾನೆ. ಮೂಲೆಯಲ್ಲಿ ಸುಮ್ಮನೆ ನಿಂತಿದ್ದವನಿಗೂ ಚೆಂಡು ಸಿಗುತ್ತದೆ.