ಅಕ್ಕನ ಮಾತ್ರೆ, ಭಾವ ಇಲ್ಲದ ಮನೆ

ಭಾವ ತೀರಿಕೊಂಡ ಇಪ್ಪತ್ತೊಂದನೆಯ ದಿನ ಅಕ್ಕ ನನ್ನನ್ನು ಅಡುಗೆಮನೆಗೆ ಕರೆದಳು. ಹುಣಸೆಹಣ್ಣಿನ ಜಾಡಿಯ ಹಿಂದಿನಿಂದ ಮಾತ್ರೆ ಶೀಟೊಂದನ್ನು ತೆಗೆದು ನನ್ನ ಕೈಗಿಟ್ಟು, "ಹದಿನಾಲ್ಕು ವರ್ಷ ಕೈ ಹಿಡಿದಿತ್ತು ಕಣೋ. ಬೇಕಾದ ಹೊತ್ತಲ್ಲೇ ಕೈ ಬಿಟ್ಬಿಡ್ತು. ಇನ್ನು ಸುಮ್ನೆ ಯಾಕೆ ನುಂಗ್ಲಿ?" ಎಂದಳು.

ಅದು 10 ಮಿಲಿಗ್ರಾಂನ ಎಸಿಟಾಲೊಪ್ರಾಮ್. ಎರಡನೆಯ ಬಾಣಂತನದಲ್ಲಿ ಅಕ್ಕನಿಗೆ ಮೊದಲ ಸಲ ಖಿನ್ನತೆ ಬಂದಿತ್ತು. ವಾಸಿಯಾಯಿತೆಂದು ಮಾತ್ರೆ ಬಿಟ್ಟಾಗ ಮರುಕಳಿಸಿತು. ಮೂರನೆಯ ಸಲ ಬಂದ ಮೇಲೆ ಡಾಕ್ಟರು, ಇದನ್ನು ಬಿಪಿ ಮಾತ್ರೆಯ ಹಾಗೆ ಬಹಳ ಕಾಲ ತೆಗೆದುಕೊಳ್ಳಬೇಕಾಗುತ್ತದೆ ಎಂದರು. ಅಲ್ಲಿಂದಾಚೆಗೆ ಅವಳು ಮನೆ ನಡೆಸಿದಳು, ಎಮ್ಮೆ ಕಟ್ಟಿದಳು, ಮಕ್ಕಳನ್ನು ಓದಿಸಿದಳು. ಮನೆಯಲ್ಲಿ ಅದಕ್ಕೆ 'ರಾತ್ರಿ ಮಾತ್ರೆ' ಎಂಬ ಹೆಸರಿತ್ತು. ಊಟವಾದ ಮೇಲೆ ಭಾವ ಒಂದು ಕೈಯಲ್ಲಿ ನೀರಿನ ಲೋಟ, ಇನ್ನೊಂದು ಅಂಗೈಯಲ್ಲಿ ಮಾತ್ರೆ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಲ್ಲುತ್ತಿದ್ದರು. ಇದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅದರ ಅರ್ಥ ತಿಳಿದದ್ದು ಅವರು ಹೋದ ಮೇಲೆ.

ತಿಪಟೂರು, ಅರಸೀಕೆರೆ ಕಡೆಯ ತೆಂಗಿನ ತೋಟದವರ ಮನೆ ಅದು. ಕಾರ್ತಿಕದಲ್ಲಿ ಒಂದು ರಾತ್ರಿ ಭಾವ ಎದೆ ಉರಿ ಎಂದರು. ಅಕ್ಕ ಜೀರಿಗೆ ಕುದಿಸಿದ ನೀರು ಕೊಟ್ಟಳು. ಬೆಳಗಿನ ಜಾವದ ಹೊತ್ತಿಗೆ ಎಲ್ಲ ಮುಗಿದಿತ್ತು. ಹೆಣದ ಸುತ್ತ ಕೂತ ಹೆಂಗಸರು ನಮ್ಮ ಕಡೆಯ ರೂಢಿಯಂತೆ ಹಾಡಿಕೊಂಡು ಅತ್ತರು. ಅಕ್ಕ ಮಾತ್ರ ಕಂಬಕ್ಕೆ ಒರಗಿ, ಒಂದು ಹನಿಯೂ ಇಲ್ಲದ ಕಣ್ಣಿನಲ್ಲಿ ಕೂತಿದ್ದಳು. "ಆ ಮಾತ್ರೆ ತಿಂದೂ ತಿಂದೂ ಕಲ್ಲಾಗಿದ್ದಾಳೆ" ಎಂದು ಯಾರೋ ಪಿಸುಗುಟ್ಟಿದ್ದು ಅವಳ ಕಿವಿಗೂ ಬಿತ್ತು.

ಆ ಮಾತಿನಲ್ಲಿ ಅರೆಪಾಲು ನಿಜವಿದೆ ಎಂಬುದೇ ಕಷ್ಟ. ಈ ಗುಂಪಿನ ಔಷಧಿಗಳನ್ನು ವರ್ಷಗಟ್ಟಲೆ ತೆಗೆದುಕೊಳ್ಳುವವರಲ್ಲಿ ಅನೇಕರು, ದುಃಖವೂ ಸಂತೋಷವೂ ಒಂದು ಬಟ್ಟೆ ಹೊದ್ದು ಬಂದ ಹಾಗಿರುತ್ತದೆ, ಅಳು ಗಂಟಲಿಗೆ ಬಂದು ನಿಲ್ಲುತ್ತದೆ ಎಂದು ಹೇಳುವುದುಂಟು. ಡಾಕ್ಟರ ಹತ್ತಿರ ಬಾಯಿಬಿಟ್ಟು ಹೇಳಬೇಕಾದ ಮಾತು ಅದು. ಪ್ರಮಾಣ ತಗ್ಗಿಸುವುದೋ ಔಷಧಿ ಬದಲಿಸುವುದೋ ಏನಾದರೊಂದು ದಾರಿ ಇರುತ್ತದೆ. ಆದರೆ ಸಾವಿನ ಮೊದಲ ದಿನ ಮರಗಟ್ಟಿದಂತೆ ಕೂರುವವರು, ಜೀವನದಲ್ಲಿ ಒಂದು ಮಾತ್ರೆಯನ್ನೂ ಮುಟ್ಟದವರಲ್ಲಿಯೂ ಬೇಕಾದಷ್ಟು ಜನ ಇದ್ದಾರೆ. ಅದನ್ನು ಅವಳಿಗೆ ಹೇಳುವವರು ಆ ದಿನ ಅಲ್ಲಿರಲಿಲ್ಲ. ನಾನೂ ಹೇಳಲಿಲ್ಲ.

ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ರಾಜ್ಯ ಸರ್ಕಾರದ 'ಮನೋಚೈತನ್ಯ' ಕಾರ್ಯಕ್ರಮದಲ್ಲಿ ಬಂದ ಈ ಮಂಗಳವಾರದ ಏರ್ಪಾಡು ಎಷ್ಟು ಹಳ್ಳಿಗಳಿಗೆ ಬೆಂಗಳೂರಿನ ಬಸ್ ಚಾರ್ಜು ಉಳಿಸಿದೆಯೋ! ಭಾವ ಹೋದ 24ನೆಯ ದಿನ ಅಕ್ಕನನ್ನು ಕರೆದುಕೊಂಡು ಹೋದೆ. ಅವಳು ಹೇಳಿದ್ದನ್ನೆಲ್ಲ ಕೇಳಿಸಿಕೊಂಡ ಡಾಕ್ಟರು ಔಷಧಿ ಬದಲಿಸುವ ಮಾತೆತ್ತಲಿಲ್ಲ. "ಶೀಟು ತಂದಿದ್ದೀರಾ?" ಎಂದರು.

ಭಾವ ಹೋಗುವ ಹಿಂದಿನ ದಿನ 30 ಮಾತ್ರೆ ತಂದಿಟ್ಟಿದ್ದರು. ಲೆಕ್ಕದ ಪ್ರಕಾರ 6 ಉಳಿಯಬೇಕಿತ್ತು. ಉಳಿದದ್ದು 15.

ಒಂಬತ್ತು ರಾತ್ರಿ ತಪ್ಪಿತ್ತು. ಮನೆ ತುಂಬ ನೆಂಟರು, ನಡುಮನೆಯಲ್ಲಿ ದೀಪ, ಹಾಲು ತುಪ್ಪ, ಹನ್ನೊಂದನೆಯ ದಿನದ ತಿಥಿ. ಗಡಿಯಾರದ ಕೆಳಗಿನ ಗೂಡಿನಲ್ಲಿದ್ದ ಶೀಟನ್ನು ಯಾರ ಕಣ್ಣಿಗೂ ಬೀಳದಿರಲೆಂದು ಅಕ್ಕ ಹುಣಸೆ ಜಾಡಿಯ ಹಿಂದೆ ಬಚ್ಚಿಟ್ಟಿದ್ದಳು. 'ಕಲ್ಲು' ಎಂಬ ಮಾತೂ ಒಳಗೆ ಕೊರೆಯುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಲೋಟ ಹಿಡಿದು ಬಾಗಿಲಲ್ಲಿ ನಿಲ್ಲುವವರು ಇರಲಿಲ್ಲ. ಎಸಿಟಾಲೊಪ್ರಾಮ್ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು 30 ಗಂಟೆ ಸಾಕು. ಕೆಲವು ದಿನ ಸಾಲಾಗಿ ತಪ್ಪಿದರೆ ದೇಹ ತಿರುಗಿ ಬೀಳುತ್ತದೆ. ಕಣ್ಣು ಹೊರಳಿಸಿದರೆ ತಲೆಯೊಳಗೆ ಕರೆಂಟ್ ಹೊಡೆದಂತಾಗುವುದು, ತಲೆಸುತ್ತು, ಬೆಚ್ಚಿಬೀಳಿಸುವ ಕನಸು, ಕಾರಣವಿಲ್ಲದ ಸಿಡುಕು. ಇವೆಲ್ಲ ಅಕ್ಕನಿಗೆ ಆಗುತ್ತಿದ್ದವು. "ದುಃಖಕ್ಕೇ ಹಿಂಗಾಗ್ತಿದೆ ಅಂದ್ಕೊಂಡಿದ್ದೆ ಸಾರ್" ಎಂದಳು.

ಡಾಕ್ಟರು ಅಲ್ಲಿಗೇ ನಿಲ್ಲಿಸಲಿಲ್ಲ. ಥೈರಾಯ್ಡ್ ಮತ್ತು ರಕ್ತದ ಪರೀಕ್ಷೆ ಬರೆದರು. ಥೈರಾಯ್ಡ್ ಕುಗ್ಗಿದರೂ ರಕ್ತ ಕಡಿಮೆಯಾದರೂ ಸುಸ್ತು, ಬೇಸರ ಖಿನ್ನತೆಯ ವೇಷದಲ್ಲೇ ಬರುತ್ತವೆ. ಬೇರೆ ಏನೇನು ಔಷಧಿ ನಡೆದಿದೆ ಎಂದು ಕೇಳಿದರು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಫಿಟ್ಸಿಗೆ ಕೊಡುವ ಕಾರ್ಬಮಜೆಪಿನ್ ಇಂಥ ಮಾತ್ರೆಗಳ ಮಟ್ಟವನ್ನು ರಕ್ತದಲ್ಲಿ ಇಳಿಸಿಬಿಡುತ್ತವಂತೆ. ನೆಂಟರೊಬ್ಬರು "ಒಂದಷ್ಟು ದಿನ ನಿದ್ದೆ ಮಾತ್ರೆ ಕೊಟ್ಟು ಮಲಗಿಸಿ" ಎಂದಿದ್ದನ್ನು ನಾನು ಹೇಳಿದಾಗ ತಲೆಯಾಡಿಸಿ ಬೇಡವೆಂದರು. ಆ ಜಾತಿಯ ಮಾತ್ರೆ ಅಭ್ಯಾಸವಾಗಿ ಅಂಟಿಕೊಳ್ಳುವುದು ಬಲು ಬೇಗ, ದುಃಖವನ್ನಂತೂ ಅದು ಇಳಿಸುವುದಿಲ್ಲ.

ಮಾತ್ರೆ ಮತ್ತೆ ದಿನಾ ಶುರುವಾಯಿತು. ಎರಡು ವಾರದಲ್ಲಿ ಕರೆಂಟ್ ಹೊಡೆಯುವುದು ನಿಂತಿತು. ಅಳು ನಿಲ್ಲಲಿಲ್ಲ, ನಿಜ ಹೇಳಬೇಕೆಂದರೆ ಆಗ ಶುರುವಾಯಿತು. ಮುಂದಿನ ಭೇಟಿಯಲ್ಲಿ ಅಕ್ಕ ಅದನ್ನೇ ದೂರಿನಂತೆ ಹೇಳಿದಳು. ಡಾಕ್ಟರು ಪೆನ್ನು ಕೆಳಗಿಟ್ಟು, "ನಿಮ್ಮ ಯಜಮಾನರನ್ನ ಮರೆಸೋ ಮಾತ್ರೆ ಅಲ್ಲಮ್ಮ ಇದು" ಎಂದರು.

ಈ ಒಂದು ಮಾತಿನ ಸುತ್ತ ನೂರು ವರ್ಷದ ಚರ್ಚೆಯಿದೆ. ಸಿಗ್ಮಂಡ್ ಫ್ರಾಯ್ಡ್ 1917ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಶೋಕವನ್ನೂ ಖಿನ್ನತೆಯನ್ನೂ ಬೇರ್ಪಡಿಸಿ ನೋಡಿದ. ಶೋಕದಲ್ಲಿ ಬರಿದಾಗುವುದು ಲೋಕ, ಖಿನ್ನತೆಯಲ್ಲಿ ಬರಿದಾಗುವುದು 'ನಾನು' ಎಂಬುದು ಅವನ ವಿಚಾರದ ತಿರುಳು. ಅಮೆರಿಕದ ಮನೋವೈದ್ಯರ ಕೈಪಿಡಿ ಬಹಳ ಕಾಲ, ಸಾವಿನ ನಂತರದ ಮೊದಲ ಎರಡು ತಿಂಗಳ ದುಗುಡಕ್ಕೆ ಸಾಮಾನ್ಯವಾಗಿ ಖಿನ್ನತೆಯ ಹಣೆಪಟ್ಟಿ ಹಚ್ಚಬೇಡಿ ಎನ್ನುತ್ತಿತ್ತು. 2013ರ ಆವೃತ್ತಿಯಲ್ಲಿ ಆ ವಿನಾಯಿತಿಯನ್ನು ತೆಗೆದುಹಾಕಿದರು. ಸಹಜ ದುಃಖಕ್ಕೂ ಔಷಧಿ ಚೀಟಿ ಬರೆಯುವಂತಾಗುತ್ತದೆ ಎಂದು ಒಂದು ಪಾಳಯ ಕೂಗಿತು. ದುಃಖದ ಮರೆಯಲ್ಲಿ ನಿಜವಾದ ಖಿನ್ನತೆಯನ್ನು ಕಾಣದೆ ಹೋಗುತ್ತಿದ್ದೇವೆ ಎಂದು ಇನ್ನೊಂದು. ಎರಡೂ ಭಯಕ್ಕೆ ಆಧಾರವಿದೆ ಎನ್ನುವುದನ್ನು ನಾನು ಒಂದೇ ಮನೆಯಲ್ಲಿ, ಒಂದೇ ವರ್ಷದಲ್ಲಿ ಕಂಡೆ.

ಮೊದಲ ತಿಂಗಳುಗಳ ಅಕ್ಕನ ಸಂಕಟ ಅಲೆಯಂತಿತ್ತು. ಭಾವನ ಟವೆಲ್ ಕಂಡರೆ, ಕಾಯಿ ಕೀಳುವವನು ಬಾಗಿಲಿಗೆ ಬಂದು "ಅಣ್ಣ" ಎಂದು ಕರೆದರೆ ಉಕ್ಕಿ ಬರುತ್ತಿತ್ತು. ಅದು ಇಳಿದ ಮೇಲೆ ಮಗಳಿಗೆ ಜಡೆ ಹಾಕುತ್ತಿದ್ದಳು. ಭಾವ ಬೀಗರ ಮನೆಯಲ್ಲಿ ಒಬ್ಬಟ್ಟು ಲೆಕ್ಕ ತಪ್ಪಿ ತಿಂದ ಕಥೆ ಹೇಳಿ ಒಂದು ಸಂಜೆ ನಕ್ಕಿದ್ದೂ ಉಂಟು. 'ಅವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಬೇಕಿತ್ತು' ಎಂಬ ಕೊರಗಿತ್ತು. ಆದರೆ ಆ ಕೊರಗು ಆ ಒಂದು ರಾತ್ರಿಯ ಸುತ್ತಲೇ ಸುತ್ತುತ್ತಿತ್ತು.

ಇಂಥ ಕೊರಗಿಗೆ ಮಾತ್ರೆ ಎಷ್ಟು ಒದಗುತ್ತದೆ? ಅಮೆರಿಕದ ಕ್ಯಾಥರೀನ್ ಶಿಯರ್ ಮತ್ತು ಸಂಗಡಿಗರು, ಶೋಕದಿಂದ ಹೊರಬರಲಾರದೆ ಸಿಕ್ಕಿಕೊಂಡಿದ್ದ 395 ಜನರ ಮೇಲೆ ನಡೆಸಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಎಸಿಟಾಲೊಪ್ರಾಮಿನ ಒಡಹುಟ್ಟು ಸಿಟಾಲೊಪ್ರಾಮ್ ಆ ಶೋಕವನ್ನು ಗಮನಾರ್ಹವಾಗಿ ಇಳಿಸಲಿಲ್ಲ. ಅಗಲಿದವರ ಬಗ್ಗೆಯೇ ಕೂತು ಮಾತಾಡಿಸುವ, ಅದಕ್ಕೆಂದೇ ರೂಪಿಸಿದ ಚಿಕಿತ್ಸೆ ಇಳಿಸಿತು. ಆ ಚಿಕಿತ್ಸೆಯ ಜೊತೆ ಮಾತ್ರೆಯೂ ಸೇರಿದಾಗ ಖಿನ್ನತೆಯ ಲಕ್ಷಣಗಳು ಹೆಚ್ಚು ತಗ್ಗಿದವು. ಮಾತ್ರೆಯ ಕೆಲಸದ ಗಡಿ ಎಲ್ಲಿಗೆ ಎಂದು ತಿಳಿಯಲು ನನಗೆ ಇದಕ್ಕಿಂತ ಸ್ಪಷ್ಟವಾದದ್ದು ಸಿಕ್ಕಿಲ್ಲ. ಅಕ್ಕನ ಮಾತ್ರೆ ಖಿನ್ನತೆಯ ಬಾಗಿಲು ಕಾಯುತ್ತಿತ್ತು. ಭಾವ ಇಲ್ಲದ ಮನೆಯನ್ನು ತುಂಬಿಸುವುದು ಅದರಿಂದ ಆಗದ ಕೆಲಸ.

ಇಲ್ಲಿಗೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ.

ಯುಗಾದಿಯ ಹೊತ್ತಿಗೆ, ಐದನೆಯ ತಿಂಗಳಲ್ಲಿ, ಅಕ್ಕ ಬದಲಾದಳು. ಈ ಸಲ ಮಾತ್ರೆ ಒಂದು ದಿನವೂ ತಪ್ಪಿರಲಿಲ್ಲ; ಮಗಳು ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದಳು. ಅಲೆ ನಿಂತು ಕೆಸರಾಗಿತ್ತು. ಬೆಳಗಿನ ನಾಲ್ಕಕ್ಕೆ ಎಚ್ಚರ, ಊಟ ಸೇರದು, ರವಿಕೆ ತೋಳು ಸಡಿಲ. ಎಮ್ಮೆ ಅರಚಿದರೂ ಏಳಳು. ಭಾವನ ಕಥೆ ಎತ್ತಿದರೆ ನಗುವೂ ಇಲ್ಲ, ಅಳುವೂ ಇಲ್ಲ. ಕೊರಗಿನ ಮಾತೇ ಬೇರೆಯಾಗಿತ್ತು: "ನಾನು ಕಾಲಿಟ್ಟ ಕಡೆಯೆಲ್ಲ ಹಿಂಗೇ. ಮಕ್ಕಳಿಗೂ ನನ್ನಿಂದ ಭಾರ." ಬಂದವರೆಲ್ಲ "ಗಂಡ ಹೋದ ಸಂಕಟ, ಕಾಲ ಕಳೆದರೆ ಸರಿಹೋಗುತ್ತೆ" ಎಂದರು. ನನಗೂ ಹಾಗೆನ್ನಿಸಿ ಹತ್ತು ದಿನ ಸುಮ್ಮನಿದ್ದೆ. ಆ ಹತ್ತು ದಿನಗಳ ಬಗ್ಗೆ ಈಗಲೂ ನನಗೆ ಅಳುಕಿದೆ. 'ಭಾರ' ಎಂಬ ಮಾತು ಬಂದ ದಿನವೇ ಹೊರಡಬೇಕಿತ್ತು.

ಮಂಗಳವಾರಕ್ಕೆ ಇನ್ನೂ ನಾಲ್ಕು ದಿನವಿತ್ತು. ಆ ರಾತ್ರಿ 14416ಕ್ಕೆ ಫೋನ್ ಮಾಡಿದೆ. ಇದು ಟೆಲಿ ಮಾನಸ್ ಸಹಾಯವಾಣಿ. 2022ರ ಅಕ್ಟೋಬರಿನಲ್ಲಿ ಶುರುವಾಯಿತು, ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ, ಕರೆ ಉಚಿತ, ಹಗಲು ರಾತ್ರಿ ಸಿಗುತ್ತದೆ. ಆ ಕಡೆಯಿಂದ ಹೆಣ್ಣುಮಗಳೊಬ್ಬಳು ಕನ್ನಡದಲ್ಲೇ, ಸಾಯುವ ಯೋಚನೆ ಇದೆಯಾ ಎಂದು ಅಕ್ಕನನ್ನು ನೇರವಾಗಿ ಕೇಳಿದಳು. ನಮಗ್ಯಾರಿಗೂ ಕೇಳುವ ಧೈರ್ಯ ಇರಲಿಲ್ಲ. ಕೇಳಿದ್ದರಿಂದ ಅಕ್ಕನ ಮುಖ ಸ್ವಲ್ಪ ಸಡಿಲವಾಯಿತು. ಇದೆ ಎಂದಳು. ಆ ನಾಲ್ಕು ದಿನ ನಾವು ಅವಳನ್ನು ಒಂಟಿಯಾಗಿ ಬಿಡಲಿಲ್ಲ. ತೋಟಕ್ಕೆ ತಂದಿಟ್ಟಿದ್ದ ಔಷಧಿಯ ಡಬ್ಬಗಳನ್ನು ಪಕ್ಕದ ಮನೆಗೆ ಸಾಗಿಸಿದೆವು.

ಖಿನ್ನತೆ ಮರುಕಳಿಸಿದೆ ಎಂದು ಡಾಕ್ಟರು ಈ ಸಲ ಅನುಮಾನವಿಲ್ಲದೆ ಹೇಳಿದರು. ವರ್ಷಗಟ್ಟಲೆ ಒದಗಿದ ಮಾತ್ರೆ, ತಪ್ಪದೆ ನುಂಗುತ್ತಿದ್ದರೂ ಸೋಲುವುದುಂಟು. ವೈದ್ಯರು ಅದಕ್ಕೆ ಟ್ಯಾಕಿಫಿಲಾಕ್ಸಿಸ್ ಎಂಬ ಹೆಸರಿಟ್ಟಿದ್ದಾರೆ. ಔಷಧಿಗೆ ಮಿದುಳು ಒಗ್ಗಿಹೋಗುತ್ತದೆಯೋ, ರೋಗವೇ ಬಲಿಯುತ್ತದೆಯೋ, ದೊಡ್ಡ ಹೊಡೆತವೊಂದು ಬಾಗಿಲು ಮುರಿಯುತ್ತದೆಯೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಇಂಗ್ಲೆಂಡಿನಲ್ಲಿ ಬಹಳ ಕಾಲದಿಂದ ಇಂಥ ಮಾತ್ರೆ ತೆಗೆದುಕೊಂಡು ಚೆನ್ನಾಗಿದ್ದ 478 ಜನರ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ನಿಧಾನವಾಗಿ ಮಾತ್ರೆ ಬಿಟ್ಟವರಲ್ಲಿ ವರ್ಷದೊಳಗೆ ನೂರಕ್ಕೆ 56 ಮಂದಿಗೆ ಖಿನ್ನತೆ ಮರಳಿತು, ಬಿಡದವರಲ್ಲಿ 39 ಮಂದಿಗೆ. ಮಾತ್ರೆ ಗೋಡೆಯಲ್ಲ ಎಂಬುದನ್ನು ಆ 39 ಹೇಳುತ್ತದೆ. ಗೋಡೆಯಲ್ಲವೆಂದು ಕಿತ್ತೆಸೆದರೆ ಏನಾಗುತ್ತದೆ ಎಂಬುದನ್ನು 56. ಹುಣಸೆ ಜಾಡಿಯ ಮುಂದೆ ನಿಂತು ಅಕ್ಕ ಕೇಳಿದ ಪ್ರಶ್ನೆಗೆ ಉತ್ತರ ಈ ಎರಡು ಅಂಕಿಗಳ ನಡುವೆ ಇದೆ ಎಂದುಕೊಂಡಿದ್ದೇನೆ.

ಪ್ರಮಾಣ ಹೆಚ್ಚಿಸಿದರು. ಅದು ಫಲಿಸದಿದ್ದರೆ ಇನ್ನೊಂದು ಔಷಧಿ ಸೇರಿಸುವುದು, ಇಲ್ಲವೇ ಬೇರೆಯದಕ್ಕೆ ಹೊರಳುವುದು, ಹೀಗೆ ದಾರಿಗಳಿವೆ ಎಂದರು. ಆಪ್ತಸಮಾಲೋಚಕಿಯೊಬ್ಬರು ಹದಿನೈದು ದಿನಕ್ಕೊಮ್ಮೆ ಅಕ್ಕನನ್ನು ಕೂರಿಸಿಕೊಂಡು ಆ ಕಾರ್ತಿಕದ ರಾತ್ರಿಯನ್ನು, ಜೀರಿಗೆ ನೀರನ್ನು, ಪೂರ್ತಿಯಾಗಿ ಹೇಳಿಸಿದರು. ಮೊದಲು ಮರಳಿದ್ದು ನಿದ್ದೆ. ಆಮೇಲೆ ಹಸಿವು. ಆರನೆಯ ವಾರದಲ್ಲಿ ಒಂದು ಬೆಳಿಗ್ಗೆ ಕೊಟ್ಟಿಗೆಯಿಂದ ಅಕ್ಕ ಎಮ್ಮೆಯನ್ನು ಬೈಯುವ ದನಿ ಕೇಳಿ ಮಗಳು ನನಗೆ ಫೋನ್ ಮಾಡಿದಳು.

ಅಳುವೂ ವಾಪಸು ಬಂತು. ಮಹಾಲಯ ಅಮಾವಾಸ್ಯೆಗೆ ಭಾವನ ಹೆಸರಿನಲ್ಲಿ ಎಡೆ ಇಟ್ಟಾಗ ಅಕ್ಕ ಗೋಡೆಗೊರಗಿ, ಹೆಸರು ಹಿಡಿದು, ಹಾಡಿಕೊಂಡೇ ಅತ್ತಳು. ಯಾರೂ ಸಮಾಧಾನ ಮಾಡಲು ಹೋಗಲಿಲ್ಲ.

ಮಾರನೆಯ ದಿನ ಏಣಿ ಹಾಕಿಕೊಂಡು ಅಟ್ಟ ಹತ್ತಿದಳು. ಸಾಯುವ ವಾರ ಭಾವ ಏರಿಸಿದ್ದ ಕಾಯಿಗಳು ಅಲ್ಲೇ ಇದ್ದವು. ನಮ್ಮ ಕಡೆ ಉಂಡೆ ಕೊಬ್ಬರಿಗೆ ಕಾಯಿಯನ್ನು ಸಿಪ್ಪೆ ಸಮೇತ ವರ್ಷದ ಹತ್ತಿರ ಹತ್ತಿರ ಅಟ್ಟದಲ್ಲಿ ಬಿಡುತ್ತಾರೆ; ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಸದ್ದು ಮಾಡಬೇಕು. ಅಕ್ಕ ಒಂದನ್ನೆತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಇನ್ನೊಂದನ್ನು ಎತ್ತಿದಳು.

"ಇನ್ನೂ ನೀರಿದೆ ಕಣೋ. ಒಂದ್ ತಿಂಗಳು ಇರ್ಲಿ" ಎಂದು ಎರಡನ್ನೂ ಇದ್ದಲ್ಲೇ ಇಟ್ಟು ಇಳಿದು ಬಂದಳು.